ಪುಟ್ಟಣ್ಣನ ಪ್ರೇಮಕಥೆ ಸಾಕು, ತ್ರಿವೇಣಿಯನ್ನು ಓದಿ

ಪುಟ್ಟಣ್ಣ ಕಣಗಾಲರ ಸಿನಿಮಾದ ಬಗ್ಗೆ ಮಾತೆತ್ತಿದರೆ ಸಾಕು, ಐದೇ ನಿಮಿಷದಲ್ಲಿ ಮಾತು ಅವರ ಮನೆಯೊಳಗೆ ಹೋಗಿ ಕೂತಿರುತ್ತದೆ. ಯಾವ ನಟಿಯ ಜೊತೆ ಏನಿತ್ತು, ಯಾವಾಗ ಮುರಿಯಿತು, ಆ ನೋವು ತೆರೆಯ ಮೇಲೆ ಹೇಗೆ ಬಂತು! ಹೆಣ್ಣಿನ ಮನಸ್ಸು ಅವರಿಗೆ ಅಷ್ಟು ಚೆನ್ನಾಗಿ ಅರ್ಥವಾದದ್ದು ಸ್ವಂತ ಬದುಕಿನಿಂದಲೇ ಅಂತೆ. ಆಫೀಸಿನ ಕಾಫಿ ಮೆಷಿನ್ನಿನಿಂದ ಹಿಡಿದು ಯೂಟ್ಯೂಬಿನ ತನಕ ಇದೇ ಕಥೆ.

ಸ್ವಲ್ಪ ತಾಳಿ ಮಾರಾಯ್ರೇ, ಇಸವಿಯ ಲೆಕ್ಕ ಹಾಕುವ. ‘ಬೆಳ್ಳಿ ಮೋಡ’ 1967. ‘ಗೆಜ್ಜೆ ಪೂಜೆ’ 1969. ‘ಶರಪಂಜರ’ 1971. ಮೊದಲನೆಯದು ಮತ್ತು ಮೂರನೆಯದು ತ್ರಿವೇಣಿಯವರ ಕಾದಂಬರಿ, ನಡುವಿನದು ಎಂ.ಕೆ. ಇಂದಿರಾ ಅವರದು. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅಂದರೆ ಪುಟ್ಟಣ್ಣ ಕನ್ನಡದಲ್ಲಿ ಮೊದಲ ಸಿನಿಮಾ ಮಾಡುವ ಮೊದಲೇ ಕಾವೇರಿಯ ಕಥೆ ಬರೆದಾಗಿತ್ತು. ಮನಸ್ಸು ಕದಡಿ, ಚಿಕಿತ್ಸೆಯಾಗಿ ಮನೆಗೆ ಮರಳಿದರೂ ಹುಚ್ಚಿ ಅನ್ನಿಸಿಕೊಳ್ಳುವ ಹೆಂಡತಿಯ ಸಂಕಟವನ್ನು ಕಂಡದ್ದು ಒಬ್ಬ ಹೆಂಗಸು. ನಾವೀಗ ಅದರ ಕ್ರೆಡಿಟ್ಟನ್ನು ಒಬ್ಬ ಗಂಡಸಿನ ಪ್ರೇಮಪ್ರಕರಣಕ್ಕೆ ಕೊಡುತ್ತಿದ್ದೇವೆ. ಇದು ಸಿನಿಮಾ ವಿಮರ್ಶೆಯಲ್ಲ, ಕಳ್ಳತನ.

ಪುಟ್ಟಣ್ಣ ದೊಡ್ಡವರಲ್ಲ ಅನ್ನುತ್ತಿಲ್ಲ. ಆ ಕಾದಂಬರಿಗಳನ್ನೇ ಆರಿಸಿದ್ದು ಅವರು. ಬಿ.ಆರ್. ಪಂತುಲು ಗರಡಿಯಲ್ಲಿ ಕಲಿತ ಕಸುಬೂ ಅವರದ್ದೇ. ಆದರೆ ಅವರ ಆಯ್ಕೆ, ಕಸುಬು ಎರಡನ್ನೂ ಬಿಟ್ಟು ಮಲಗುವ ಕೋಣೆಯನ್ನೇ ಹುಡುಕುವುದು ಸೋಮಾರಿತನ.

ಹಾಗಾದ್ರೆ ನಿರ್ದೇಶಕನ ಬದುಕಿಗೆ ಬೆಲೆಯೇ ಇಲ್ವಾ? ಉಂಟು, ಆದರೆ ಹುಡುಕುವ ಜಾಗ ಬೇರೆ. ನಮ್ಮ ಕೆಲಸದಲ್ಲಿ ಹಳೆ ಕೋಡಿಗೂ ಹೊಸ ಕೋಡಿಗೂ ಏನು ವ್ಯತ್ಯಾಸ ಅಂತ ‘ಡಿಫ್’ ನೋಡುತ್ತೇವಲ್ಲ, ಹಾಗೆ. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ (2008) ಗುಲಾಬಿಯ ಮನೆಗೆ ಬರುವುದು ಟಿವಿ, ಡಿಶ್. ಅವಳು ಮುಸ್ಲಿಂ ಸೂಲಗಿತ್ತಿ, ಕಾಲ ಕಾರ್ಗಿಲ್ ಯುದ್ಧದ್ದು, ಸುತ್ತ ಮೀನುಗಾರರ ಕೇರಿಯಲ್ಲಿ ಕೋಮಿನ ಬಿರುಕು. ಕಾಸರವಳ್ಳಿ ಮಣಿಪಾಲದಲ್ಲಿ ಫಾರ್ಮಸಿ ಓದಿದವರು, ಕರಾವಳಿ ಅವರಿಗೆ ಹೊಸತಲ್ಲ. ಆದರೂ ನಮಗೆ ಬೇಕಾದ ಮನುಷ್ಯ ಸಿಗುವುದು ಆ ಬದಲಾವಣೆಯಲ್ಲಿ.

ಕುಕ್ಕುಂದೂರಿನವನಾದ ನನಗೆ ಇನ್ನೊಂದು ಮಾತೂ ಸಾಕಾಗಿದೆ: ‘ಉಡುಪಿ ಹುಡುಗ, ಅದಕ್ಕೇ ಅಂಥ ಸಿನಿಮಾ ಮಾಡಿದ.’ ರಕ್ಷಿತ್ ಶೆಟ್ಟಿ ನಮ್ಮ ಪಕ್ಕದ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದಿ, ಸಾಫ್ಟ್‌ವೇರ್ ಕೆಲಸ ಬಿಟ್ಟು, 2014ರಲ್ಲಿ ‘ಉಳಿದವರು ಕಂಡಂತೆ’ ಮಾಡಿದರು. ಹುಲಿವೇಷ ಅವರಿಗೆ ಗೊತ್ತಿತ್ತು, ಸರಿ. ಅಷ್ಟಮಿಯ ಹುಲಿವೇಷದ ಹಿಂದೆ ಓಡಿದ ಮಕ್ಕಳು ನಮ್ಮಲ್ಲಿ ಸಾವಿರಾರು. ನಿಟ್ಟೆಯಲ್ಲಿ ಓದಿ ಬೆಂಗಳೂರು ಬಸ್ಸು ಹತ್ತಿದವರೂ ಸಾವಿರಾರು. ಒಂದೇ ಘಟನೆಯನ್ನು ಬೇರೆ ಬೇರೆಯವರ ಕಣ್ಣಿಂದ ಹೇಳುವ ಕ್ರಮ ಮಲ್ಪೆಯ ದಕ್ಕೆಯಲ್ಲಿ ಬಿದ್ದು ಸಿಗುವುದಿಲ್ಲ. ಕುರೊಸಾವ 1950ರಲ್ಲೇ ‘ರಾಶೋಮನ್’ನಲ್ಲಿ ಮಾಡಿ ತೋರಿಸಿದ ಕ್ರಮ ಅದು, ನೋಡಿ ಕಲಿಯಬೇಕು. ಊರು ಸಾಮಾನು ಕೊಡುತ್ತದೆ, ಅಡುಗೆ ತಾನಾಗಿ ಆಗುವುದಿಲ್ಲ. ‘ಊರಿನಿಂದ ಬಂತು’ ಅನ್ನುವಾಗ ಹೊಗಳಿದ ಹಾಗೆ ಕಾಣುತ್ತದೆ. ನಿಜಕ್ಕಾದರೆ ಅವನ ದುಡಿಮೆಯನ್ನು ಲೆಕ್ಕದಿಂದ ತೆಗೆದಿರುತ್ತೇವೆ.

ಮುಂದಿನ ಸಲ ಯಾರಾದ್ರೂ ಪುಟ್ಟಣ್ಣನ ಪ್ರೇಮಕಥೆ ಶುರು ಮಾಡಿದರೆ ‘ಶರಪಂಜರ’ ಬರೆದದ್ದು ಯಾರು ಅಂತ ಕೇಳಿ. ಉತ್ತರ ಬಾರದಿದ್ದರೆ ಪುಸ್ತಕ ತೆಗೆದು ಕೈಗೆ ಕೊಡಿ. ಉಳಿದ ಚರ್ಚೆ ಅವರು ಓದಿ ಮುಗಿಸಿದ ಮೇಲೆ.