ಗೋಡೆಯ ಪ್ಲಗ್ಗು ಯಾರ ಮಾತು ಕೇಳಬೇಕು?

ಬೋರಗಾಂವದ ನಮ್ಮ ಮನೆಯಲ್ಲಿ ಆಯಿಯ ಹಾಸಿಗೆಯಿಂದ ಸ್ವಿಚ್ಚಿಗೆ ಎಂಟು ಹೆಜ್ಜೆ. ಮೊಣಕಾಲು ಕೈಕೊಟ್ಟ ಮೇಲೆ ಆ ಎಂಟು ಹೆಜ್ಜೆಯೇ ಅವಳಿಗೆ ದೂರದ ದಾರಿಯಾಯಿತು. ರಾತ್ರಿ ಎದ್ದರೆ ಕತ್ತಲಲ್ಲಿ ಗೋಡೆ ತಡವಬೇಕು. ಅದಕ್ಕೇ ನಾನು ಒಂದು ಸ್ಮಾರ್ಟ್ ಪ್ಲಗ್ ತಂದು ಅವಳ ದೀಪವನ್ನು ಅದಕ್ಕೆ ಸಿಕ್ಕಿಸಿದೆ. ಮೊಬೈಲಿನಲ್ಲಿ ಒಮ್ಮೆ ಒತ್ತಿದರೆ ಬೆಳಕು. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಮಳೆಗಾಲದ ಒಂದು ರಾತ್ರಿ ಮನೆಯಲ್ಲಿ ಕರೆಂಟು ಇತ್ತು, ವೈಫೈ ಡಬ್ಬಿಯೂ ಮಿನುಗುತ್ತಿತ್ತು, ಆದರೆ ಊರ ಹೊರಗೆ ಎಲ್ಲೋ ಇಂಟರ್ನೆಟ್ಟಿನ ಕೇಬಲ್ ಕಡಿದಿತ್ತು. ಪ್ಲಗ್ಗು ಆಫ್‌ಲೈನ್ ಇದೆ ಎಂದು ಆಪ್ ಕೈಯೆತ್ತಿತು. ಫೋನು ಆಯಿಯ ಕೈಯಲ್ಲಿ, ಪ್ಲಗ್ಗು ಎದುರಿನ ಗೋಡೆಯಲ್ಲಿ.

"ದೀಪಾ ನಮ್ದು, ಕರೆಂಟ್ ಬಿಲ್ಲ ನಾವ ತುಂಬತೀವಿ. ಮತ್ತ ಇದು ಯಾರನ್ನ ಕೇಳಾಕತ್ತೈತಿ ತಮ್ಮಾ?" ಎಂದಳು.

ಈ ಪ್ರಶ್ನೆಗೆ ಉತ್ತರವಿದೆ, ಆದರೆ ಆ ಉತ್ತರದಲ್ಲಿ ಮರ್ಯಾದೆ ಇಲ್ಲ. ಅದು ಕಂಪನಿಯ ಸರ್ವರನ್ನು ಕೇಳುತ್ತದೆ. ಆಯಿ ಒತ್ತಿದ ಗುಂಡಿಯ ಸುದ್ದಿ ಮನೆಯಿಂದ ಹೊರಬಿದ್ದು, ಎಷ್ಟೋ ಊರು ದಾಟಿ, ಯಾರದೋ ಕಂಪ್ಯೂಟರಿನಲ್ಲಿ ಹಾಜರಿ ಹಾಕಿ, ಮತ್ತೆ ನಮ್ಮ ಗೋಡೆಗೆ ಬರಬೇಕು. ಎಂಟು ಹೆಜ್ಜೆ ಉಳಿಸಲು ಇಷ್ಟು ಪ್ರಯಾಣ! ಇದು ತಂತ್ರಜ್ಞಾನದ ಅನಿವಾರ್ಯವೇನೂ ಅಲ್ಲ. ಪ್ಲಗ್ಗಿನೊಳಗೆ ಇರುವುದು ಒಂದು ರಿಲೇ, ಒಂದು ಸಣ್ಣ ಪವರ್ ಸಪ್ಲೈ, ವೈಫೈ ಇರುವ ಒಂದು ಚಿಪ್ಪು. ಫೋನು ನೇರವಾಗಿ ಹೇಳಿದರೆ ಕೇಳಿಸಿಕೊಳ್ಳುವ ಶಕ್ತಿ ಆ ಚಿಪ್ಪಿಗೆ ಧಾರಾಳವಾಗಿದೆ. ಕೇಳಿಸಿಕೊಳ್ಳಬೇಡ ಎಂದು ಅದರೊಳಗಿನ ಫರ್ಮ್‌ವೇರಿನಲ್ಲಿ ಬರೆದಿಟ್ಟಿದ್ದಾರೆ, ಅಷ್ಟೆ. 2019ರಲ್ಲೂ 2021ರಲ್ಲೂ ದೂಧಗಂಗಾ, ವೇದಗಂಗಾ ಉಕ್ಕಿ ಯಮಗರ್ಣಿಯ ಬಳಿ ರಾಷ್ಟ್ರೀಯ ಹೆದ್ದಾರಿಯೇ ಬಂದಾದದ್ದನ್ನು ಕಂಡ ತಾಲ್ಲೂಕು ನಮ್ಮದು. ಇಂಥ ಕಡೆ ಮನೆಯ ದೀಪವನ್ನು ದೂರದ ಸರ್ವರಿನ ಬಾಲಕ್ಕೆ ಕಟ್ಟುವವರು ಮಳೆಗಾಲವನ್ನೇ ನೋಡದವರಿರಬೇಕು.

ಆ ಬರಹವನ್ನು ಅಳಿಸಿ ಬೇರೆ ಬರೆಯಬಹುದು. ಥಿಯೋ ಅರೆಂಡ್ಸ್ ಎಂಬ ಡಚ್ ಪ್ರೋಗ್ರಾಮರ್ 2016ರಲ್ಲಿ ಸೋನಾಫ್ ಎಂಬ ಅಗ್ಗದ ಸ್ವಿಚ್ಚಿಗಾಗಿ ತಾನೇ ಒಂದು ಫರ್ಮ್‌ವೇರ್ ಬರೆದ. ಅದೇ ಇಂದಿನ ಟಾಸ್ಮೋಟಾ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ತಿದ್ದುಪಡಿಯನ್ನೂ ತೆರೆದಿಡಬೇಕು ಎಂಬ ಜಿಪಿಎಲ್ ಪರವಾನಗಿ ಅದಕ್ಕಿದೆ. ಅದನ್ನು ಹಾಕಿದ ಪ್ಲಗ್ಗು ಮನೆಯ ರೂಟರಿನೊಳಗೇ ತನ್ನದೊಂದು ಪುಟವನ್ನು ತೆರೆದುಕೊಂಡು ಕೂರುತ್ತದೆ. ಖಾತೆ ಬೇಡ, ಪಾಸ್‌ವರ್ಡಿಗೆ ಓಟಿಪಿ ಬೇಡ, ನೀವೆಲ್ಲಿದ್ದೀರಿ ಎಂಬ ವಿಚಾರಣೆ ಬೇಡ. ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಪ್ಲಗ್ಗುಗಳ ಒಳಗಿರುವುದು ಹಾಂಗ್‌ಝೌನ ತುಯಾ ಕಂಪನಿಯ ವ್ಯವಸ್ಥೆಯೇ. 2018ರ ಡಿಸೆಂಬರಿನಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ನಡೆದ ಹ್ಯಾಕರುಗಳ ಸಮ್ಮೇಳನದಲ್ಲಿ ಮಿಖಾಯೆಲ್ ಸ್ಟೈಗರ್ವಾಲ್ಡ್ ಅದರ ಭದ್ರತೆಯ ಸಡಿಲನ್ನು ತೋರಿಸಿದರು. ಅದೇ ಸಡಿಲಿನಿಂದ ಮುಚ್ಚಳ ಬಿಚ್ಚದೆಯೇ ಹೊಸ ಫರ್ಮ್‌ವೇರ್ ತುಂಬುವ ದಾರಿ ಜನರಿಗೆ ಸಿಕ್ಕಿತು. ಆಮೇಲೆ ಕಂಪನಿ ಆ ಕಿಂಡಿ ಮುಚ್ಚಿತು. ಮುಚ್ಚಲೇಬೇಕಿತ್ತು, ಕಳ್ಳನಿಗೂ ಅದೇ ಕಿಂಡಿ. ಆದರೆ ಕಳ್ಳನಿಗೆ ಬಾಗಿಲು ಹಾಕುವಾಗ ಮನೆಯ ಯಜಮಾನನ ಕೈಗೆ ಒಂದು ಕೀಲಿ ಕೊಡಬೇಕಿತ್ತು. ಅದನ್ನು ಕೊಡಲಿಲ್ಲ. ನನ್ನ ತಕರಾರು ಇಷ್ಟೇ.

ಸಾಹಿತ್ಯದ ಪತ್ರಿಕೆಯಲ್ಲಿ ಇದೇನು ಎಲೆಕ್ಟ್ರಿಷಿಯನ್ ಪುರಾಣ ಎನ್ನುವವರಿದ್ದಾರೆ. ವಿಭಾಗದ ಕ್ಯಾಂಟೀನಿನಲ್ಲಿ ಗೆಳೆಯರು ನನಗೆ ಹೇಳಿದ್ದೂ ಅದನ್ನೇ: "ನೀನು ಪಿಎಚ್‌ಡಿ ಮಾಡುತ್ತಿರುವುದು ಗ್ರಂಥಸಂಪಾದನೆಯಲ್ಲಿ, ವೈರಿಂಗಿನಲ್ಲಲ್ಲ." ಸರಿ. ಆದರೆ ಗ್ರಂಥಸಂಪಾದನೆಯ ಮೊದಲ ಪಾಠ ಏನು? ಪ್ರತಿಯನ್ನು ಕಣ್ಣಾರೆ ನೋಡು, ಲಿಪಿಕಾರ ಬರೆದದ್ದನ್ನೆಲ್ಲ ನಂಬಬೇಡ. ಫರ್ಮ್‌ವೇರೂ ಒಂದು ಬರಹ. ನಮ್ಮ ಮನೆಯೊಳಗೆ ಕೂತು ಹಗಲೂ ರಾತ್ರಿ ನಡೆಯುವ ಬರಹ. ಓಲೆಗರಿ ಕಟ್ಟನ್ನು ಬಿಚ್ಚಲು ಬಿಡದ ಮನೆತನಗಳ ಬಗ್ಗೆ ಸಿಟ್ಟು ಮಾಡಿಕೊಳ್ಳುವ ನಾವು, ಗೋಡೆಯಲ್ಲಿ ಬೀಗ ಹಾಕಿ ಕೂತ ಈ ಬರಹದ ಮುಂದೆ ಮಾತ್ರ 'ಐ ಅಗ್ರೀ' ಒತ್ತಿ ಸುಮ್ಮನಾಗುತ್ತೇವೆ.

ಓದು ಬಾರದವರು ನಮಗಿಂತ ಎಚ್ಚರವಾಗಿದ್ದಾರೆ. ನಮ್ಮ ಭಾಗದ ಕಬ್ಬು ಬೆಳೆಗಾರರ ಹಳೆಯ ಸಂಶಯ ಕಾಟಾದ ಮೇಲೆ. ಕಾಟಾ ಅಂದರೆ ವೇಬ್ರಿಜ್. ಟ್ರ್ಯಾಕ್ಟರು ಅದರ ಮೇಲೆ ನಿಂತಾಗ ಪರದೆಯಲ್ಲಿ ಒಂದು ಅಂಕಿ ಬರುತ್ತದೆ, ಆ ಅಂಕಿಯೇ ಹದಿನಾಲ್ಕು ತಿಂಗಳ ದುಡಿಮೆಯ ಬೆಲೆ. ಕಾರ್ಖಾನೆಗೆ ಹೋಗುವ ಮೊದಲು ಹೊರಗಿನ ಕಾಟಾದಲ್ಲಿ ದುಡ್ಡು ಕೊಟ್ಟು ತೂಗಿಸಿಕೊಂಡು ಹೋಗುವವರಿದ್ದಾರೆ. ಪೆಟ್ಟಿಗೆಯೊಳಗಿನ ಲೆಕ್ಕ ಯಾರು ಬರೆದರು, ಯಾರು ತಿದ್ದಬಲ್ಲರು ಎಂಬ ಪ್ರಶ್ನೆ ಅವರಿಗೆ ಹೊಟ್ಟೆಯ ಪ್ರಶ್ನೆ.

ಟಾಸ್ಮೋಟಾದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಇದಕ್ಕೆ ಸಂಬಂಧಪಟ್ಟ ಒಂದು ಸಣ್ಣ ಸೌಲಭ್ಯ. ಕೆಲವು ಪ್ಲಗ್ಗುಗಳು ಎಷ್ಟು ವಿದ್ಯುತ್ ಹರಿಯಿತೆಂದು ಅಳೆಯುತ್ತವೆ. ಕಂಪನಿಯ ಆಪ್ ತೋರಿಸಿದ ಅಂಕಿಯನ್ನು ನಾವು ನಂಬಬೇಕು, ಬೇರೆ ದಾರಿಯಿಲ್ಲ. ಇಲ್ಲಿ ಹಾಗಲ್ಲ. ಹಳೇ ಕಾಲದ 60 ವ್ಯಾಟಿನ ತಂತಿ ಬಲ್ಬು ಉರಿಸಿ, ಗೆಳೆಯನೊಬ್ಬನ ಒಳ್ಳೆಯ ಮೀಟರಿನಿಂದ ವೋಲ್ಟೇಜು, ಕರೆಂಟು, ವ್ಯಾಟು ಮೂರನ್ನೂ ನೋಡಿ, ಪ್ಲಗ್ಗಿಗೆ 'ಇದು ಇಷ್ಟು' ಎಂದು ಹೇಳಿಕೊಟ್ಟೆ. ಅದು ತನ್ನ ಲೆಕ್ಕ ತಿದ್ದಿಕೊಂಡಿತು. ತಕ್ಕಡಿಗೆ ನಾವೇ ಕಲ್ಲಿಟ್ಟು ನೋಡಿದ ಹಾಗೆ. ಅಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದವರು, "ಕಾಟಾಕ್ಕ ಹಿಂಗ ಮಾಡಾಕ ಬಿಡತಾರೇನು?" ಎಂದರು. ನಾನೇನು ಹೇಳಲಿ.

ಈಗ ಎದುರು ಮಾತುಗಳು. ಅಪಾಯವಲ್ಲವೇ? ಹೌದು, ಅಪಾಯವೇ. ಮುಚ್ಚಳ ಬಿಚ್ಚಿ ಕಂಪ್ಯೂಟರಿನಿಂದ ಫರ್ಮ್‌ವೇರ್ ತುಂಬುವಾಗ ಚಿಪ್ಪಿಗೆ 3.3 ವೋಲ್ಟು ಮಾತ್ರ ಕೊಡಬೇಕು, ಪ್ಲಗ್ಗನ್ನು ಗೋಡೆಗೆ ಸಿಕ್ಕಿಸಿರಲೇಬಾರದು. ಎರಡೂ ಒಟ್ಟಿಗೆ ಇದ್ದರೆ 230 ವೋಲ್ಟು ಲ್ಯಾಪ್‌ಟಾಪಿಗೂ ಬರುತ್ತದೆ, ಅದನ್ನು ಮುಟ್ಟಿದವರಿಗೂ ಬರುತ್ತದೆ. ಬಾವಿಯ ಮೋಟರನ್ನು ಇಂಥ ಪ್ಲಗ್ಗಿಗೆ ಹಾಕಬೇಡಿ. ಶುರುವಾಗುವಾಗ ಅದು ಎಳೆಯುವ ಕರೆಂಟಿಗೆ ರಿಲೇ ಅಂಟಿಕೊಳ್ಳುತ್ತದೆ. ನಾನೇ ಅವಸರದಲ್ಲಿ ಹಳೆಯ ಫರ್ಮ್‌ವೇರಿನ ನಕಲು ಇಟ್ಟುಕೊಳ್ಳದೆ ಒಂದು ಪ್ಲಗ್ಗು ಕೊಂದಿದ್ದೇನೆ. ಗ್ಯಾರಂಟಿಯೂ ಹೋಗುತ್ತದೆ. ಆದರೆ ಅಪಾಯವಿದೆ ಎಂದು ಹೇಳಿಕೊಡುವುದು ಬೇರೆ, ಅಪಾಯದ ಹೆಸರಿನಲ್ಲಿ ಬೀಗ ಜಡಿಯುವುದು ಬೇರೆ. ನಮಗೆ ಹತ್ತಿರದ ಪೇಟೆ ಇಚಲಕರಂಜಿ. ಅಲ್ಲಿಗೆ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ. ಮಗ್ಗದ ಕೆಲಸವೂ ಬೆರಳು ತಿನ್ನುವ ಕೆಲಸವೇ. ಆದರೂ ಮಗ್ಗ ನಿಂತರೆ ಜಾಬರ್ ಬರುತ್ತಾನೆ, ಬಿಚ್ಚುತ್ತಾನೆ, ಜೋಡಿಸುತ್ತಾನೆ. ಮಗ್ಗ ಮಾರಿದವನ ಅಪ್ಪಣೆಗೆ ಅವನು ಕಾದಿದ್ದರೆ ಆ ಊರೇ ಇರುತ್ತಿರಲಿಲ್ಲ.

ಕಂಪನಿ ದೊಡ್ಡದು, ಸರ್ವರ್ ಎಲ್ಲಿ ಹೋಗುತ್ತದೆ ಎನ್ನುವವರು ಈ ಹತ್ತು ವರ್ಷದ ಲೆಕ್ಕ ನೋಡಲಿ. ರಿವಾಲ್ವ್ ಎಂಬ ಮನೆಬಳಕೆಯ ಹಬ್ಬನ್ನು ಅದನ್ನು ಕೊಂಡ ನೆಸ್ಟ್ ಕಂಪನಿ 2016ರ ಮೇನಲ್ಲಿ ನಿಲ್ಲಿಸಿತು, ಕೆಡದಿದ್ದ ಡಬ್ಬಿಗಳು ನಿರುಪಯೋಗಿಯಾದವು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಸರ್ವರುಗಳು ಗ್ರಾಹಕರಿಗೆ ಒಂದು ಮಾತೂ ಹೇಳದೆ ಮೌನವಾದವು. ಬೆಲ್ಕಿನ್ ತನ್ನ ಹೆಚ್ಚಿನ ವೀಮೊ ಸಾಧನಗಳಿಗೆ 2026ರ ಜನವರಿ 31ರಿಂದ ಬೆಂಬಲವಿಲ್ಲ ಎಂದು 2025ರ ಜುಲೈನಲ್ಲಿ ಸಾರಿತು. ನಮ್ಮ ಕೇಂದ್ರ ಗ್ರಾಹಕ ಇಲಾಖೆಯೂ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಬಿಡಿಭಾಗ ಸಿಕ್ಕರೂ ಒಳಗಿನ ಬರಹಕ್ಕೆ ಬೀಗವಿದ್ದರೆ ಅದು ಅರ್ಧ ರಿಪೇರಿ.

ಟಾಸ್ಮೋಟಾ ಹಾಕಿದರೆ ಸ್ವರಾಜ್ಯ ಬಂತೆಂದು ನಾನು ಹೇಳುತ್ತಿಲ್ಲ. ಚಿಪ್ಪು ಶಾಂಘೈನ ಎಸ್ಪ್ರೆಸ್ಸಿಫ್ ಕಂಪನಿಯದು, ಅದರ ವೈಫೈ ಭಾಗದ ಕೋಡು ಇನ್ನೂ ಮುಚ್ಚಿದ ಪೆಟ್ಟಿಗೆಯೇ. ಅರ್ಧ ಬಾಗಿಲು ತೆರೆದಿದೆ, ಅಷ್ಟೇ.

ತೆರೆದ ಅರ್ಧದೊಳಗೆ ಹೋಗಿ ನೋಡಿದಾಗ ನನಗೆ ನಾಚಿಕೆಯಾಯಿತು. ಟಾಸ್ಮೋಟಾದ ಭಾಷೆಗಳ ಕಡತದಲ್ಲಿ ಕತಲಾನ್ ಇದೆ, ಆಫ್ರಿಕಾನ್ಸ್ ಇದೆ, ನೆದರ್ಲೆಂಡ್ಸಿನ ಸುಮಾರು ಐದು ಲಕ್ಷ ಜನರ ಫ್ರಿಸಿಯನ್ ಕೂಡ ಇದೆ. 2011ರ ಜನಗಣತಿಯಲ್ಲಿ 4.37 ಕೋಟಿ ಜನ ತಾಯ್ನುಡಿ ಎಂದು ಬರೆಸಿದ ಕನ್ನಡ ಇಲ್ಲ. ನಾವು ಗಡಿಯವರು. ಬೋರ್ಡಿನ ಮೇಲೆ ಯಾವ ಅಕ್ಷರ ಮೇಲಿರಬೇಕು, ಯಾವುದು ಕೆಳಗೆ ಎಂದು ನವೆಂಬರ್ ಬಂದಾಗಲೆಲ್ಲ ಮೈಯೆಲ್ಲ ಕಿವಿಯಾಗುವವರು. ಬೋರ್ಡಿನ ಜಗಳ ಸುಳ್ಳೆಂದು ನಾನು ಹೇಳುವುದಿಲ್ಲ, ಅದರ ನೋವು ನನಗೆ ಗೊತ್ತು. ಆದರೆ ಇಲ್ಲಿ ಕನ್ನಡವನ್ನು ಯಾರೂ ತಡೆದಿರಲಿಲ್ಲ. ಕಡತ ತೆರೆದೇ ಇತ್ತು, ಬರೆಯುವವರು ಬರಲಿಲ್ಲ. ಕನ್ನಡ ತಂತ್ರಾಂಶಕ್ಕಾಗಿ ಗುದ್ದಾಡಿದ ತೇಜಸ್ವಿಯವರನ್ನು ವರ್ಷಕ್ಕೊಮ್ಮೆ ನೆನೆಯುವ ಸಾಹಿತ್ಯದ ವಿದ್ಯಾರ್ಥಿಗಳಾದ ನಾವೇ ಬರಲಿಲ್ಲ.

ಈಗ ಕೂತು ಬರೆಯುತ್ತಿದ್ದೇನೆ. ಕೆಲಸ ಅಂದುಕೊಂಡಷ್ಟು ಸುಲಭವಿಲ್ಲ. ಹಳೆಯ ಪ್ಲಗ್ಗುಗಳಲ್ಲಿ ಇರುವ ಜಾಗವೇ ಒಂದು ಎಂಬಿ, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಇಂಗ್ಲಿಷಿನ 'ಆನ್' ಎರಡು ಬೈಟಿನಲ್ಲಿ ಮುಗಿಯುತ್ತದೆ. ಸರ್ಕಾರಿ ಕನ್ನಡದ 'ಸಕ್ರಿಯಗೊಳಿಸಿ' ಹಾಕಿದರೆ ಮೂವತ್ತಾರು. ನಮ್ಮೂರಿನ 'ಚಾಲೂ' ಹನ್ನೆರಡು. ಚಾಲೂ ಮರಾಠಿಯಲ್ಲವೇ ಎಂದು ಗೆಳೆಯನೊಬ್ಬ ತಗಾದೆ ತೆಗೆದ. ಬೋರಗಾಂವದಲ್ಲಿ ಅದು ಕನ್ನಡವೇ, ಹೋಗಿ ಕೇಳು ಎಂದೆ. 'ಆಫ್'ಗೆ 'ಬಂದ್' ಎಂದು ಬರೆದು ಆಯಿಗೆ ಓದಿ ತೋರಿಸಿದೆ. ಅವಳಿಗೆ ಹಿಡಿಸಲಿಲ್ಲ.

"ಬಂದ್ ಅಂಗಡಿಗಿ ಅಂತಾರ. ದೀಪಕ್ಕ ಹಂಗ ಅನಬಾರ್ದು. ಶಾಂತ ಮಾಡು ಅನಬೇಕ."

ಎಣಿಸಿ ನೋಡಿದೆ. ಅದೂ ಹನ್ನೆರಡೇ ಬೈಟು. ಹಿಡಿಸುತ್ತದೆ.