ತಕ್ರಾರ್ ಮರೆತ ಅಧ್ಯಾಪಕರು

ಮದ್ರಸದಲ್ಲಿ ತಂಗಿದ್ದು ಕಲಿತ ಅನೇಕರಿಗೆ ‘ತಕ್ರಾರ್’ ಎಂಬ ಪದ ಚಿರಪರಿಚಿತ. ಹಗಲಿನಲ್ಲಿ ಉಸ್ತಾದರು ಹೇಳಿಕೊಟ್ಟ ಪಾಠವನ್ನು ರಾತ್ರಿ ವಿದ್ಯಾರ್ಥಿಗಳು ಸಣ್ಣ ಗುಂಪುಗಳಲ್ಲಿ ಕುಳಿತು ತಮ್ಮೊಳಗೆ ಮತ್ತೆ ಹೇಳಿಕೊಳ್ಳುವ ಕ್ರಮವದು. ಒಬ್ಬನು ಪಾಠವನ್ನು ಬಿಡಿಸಿ ಹೇಳುತ್ತಾನೆ. ಉಳಿದವರು ನಡುವೆ ತಡೆದು ಪ್ರಶ್ನಿಸುತ್ತಾರೆ. ಅರಬಿಯಲ್ಲಿ ಈ ಪದಕ್ಕೆ ಪುನರಾವರ್ತನೆ ಎಂದು ಅರ್ಥ. ಅದೇ ಪದ ಫಾರ್ಸಿ, ಉರ್ದುಗಳನ್ನು ದಾಟಿ ಕನ್ನಡಕ್ಕೆ ಬರುವಷ್ಟರಲ್ಲಿ ‘ತಕರಾರು’ ಆಗಿ, ಆಕ್ಷೇಪ, ಜಗಳ ಎಂಬ ಅರ್ಥವನ್ನು ಪಡೆಯಿತು. ಹೇಳಿದ್ದನ್ನೇ ಮತ್ತೆ ಹೇಳತೊಡಗಿದಾಗ ಭಿನ್ನಾಭಿಪ್ರಾಯ ತಲೆದೋರುವುದು ಸಹಜ. ನಮ್ಮ ಮಟ್ಟಿಗೆ, ಹಗಲಿನ ಪಾಠಕ್ಕಿಂತ ರಾತ್ರಿಯ ಆ ತಕರಾರಿನಲ್ಲಿಯೇ ನಾವು ಹೆಚ್ಚು ಕಲಿತೆವು.

ಆದರೆ ಅಧ್ಯಾಪಕರಾದ ದಿನವೇ ನಮ್ಮ ತಕ್ರಾರ್ ನಿಂತುಹೋಯಿತು. ತರಗತಿಯ ಬಾಗಿಲು ಮುಚ್ಚಿಕೊಂಡಿತು. ಒಳಗೆ ನಾವು ಹೇಗೆ ಕಲಿಸುತ್ತೇವೆ, ಯಾವ ಮಗುವಿನ ಮುಂದೆ ಸೋಲುತ್ತೇವೆ ಎಂಬುದು ಪಕ್ಕದ ಕೋಣೆಯ ಸಹೋದ್ಯೋಗಿಗೂ ತಿಳಿಯದ ಗುಟ್ಟಾಯಿತು. ನಮ್ಮ ಶಾಲೆಗಳ ಕುರಿತು ಸಮುದಾಯದಲ್ಲಿ ಮಾತು ಬಂದಾಗ ಕಟ್ಟಡ, ಶುಲ್ಕ, ಫಲಿತಾಂಶಗಳ ಚರ್ಚೆಯಾಗುತ್ತದೆ. ಅಧ್ಯಾಪಕರ ಈ ಒಂಟಿತನ ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಹೇಳಿಕೊಳ್ಳಬೇಕು. ನಾವು ಬೆಳಿಗ್ಗೆ ಮದ್ರಸದಲ್ಲಿಯೂ ಬಳಿಕ ಶಾಲೆಯಲ್ಲಿಯೂ ಕಲಿಸುತ್ತಿದ್ದ ವರ್ಷಗಳವು. ಶಾಲೆಯಲ್ಲಿ ನಮ್ಮ ವಿಷಯ ಕನ್ನಡ. ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಬ್ಯಾರಿ. ‘ಹಳ್ಳಿ’ ಎಂದು ಬರೆಯಬೇಕಾದಲ್ಲಿ ಅವರು ‘ಹಲ್ಲಿ’ ಎಂದು ಬರೆಯುತ್ತಿದ್ದರು; ‘ಬಳೆ’ಯು ‘ಬಲೆ’ಯಾಗುತ್ತಿತ್ತು, ‘ಹಣ’ವು ‘ಹನ’ವಾಗುತ್ತಿತ್ತು. ನಾವು ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಹತ್ತು ಸಲ ಬರೆಯಿರಿ ಎನ್ನುತ್ತಿದ್ದೆವು. ಹತ್ತು ಸಲ ಸರಿಯಾಗಿ ಬರೆದ ಮಗು ಮರುದಿನ ಮತ್ತೆ ‘ಹಲ್ಲಿ’ ಎಂದೇ ಬರೆಯುತ್ತಿತ್ತು. ಅದನ್ನು ಅಲಕ್ಷ್ಯವೆಂದು ತಿಳಿದು ಗದರಿಸಿದ್ದೂ ಉಂಟು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದನೇ ತರಗತಿಯ ಹಿರಿಯ ಶಿಕ್ಷಕಿಯೊಬ್ಬರು ಆ ಪುಸ್ತಕಗಳನ್ನು ತಿರುವಿ ನೋಡಿ, “ಮಾಷ್ಟ್ರೇ, ಮಕ್ಕಳು ಕೇಳಿಸಿಕೊಂಡದ್ದನ್ನೇ ಬರೆಯುತ್ತಿದ್ದಾರೆ. ಅವರ ಮನೆಮಾತಿನಲ್ಲಿ ‘ಳ’ ಎಲ್ಲಿದೆ?” ಎಂದರು. ತುಸು ತಡೆದು, “ಬೆಳಿಗ್ಗೆ ನೀವು ಅರಬಿ ಅಕ್ಷರಗಳನ್ನು ಹೇಗೆ ಕಲಿಸುತ್ತೀರಿ?” ಎಂದೂ ಕೇಳಿದರು.

ನಾವು ನಿರುತ್ತರರಾದೆವು. ಅದೇ ಮಕ್ಕಳಿಗೆ ಮುಂಜಾನೆ ಮಖ್ರಜ್ ಕಲಿಸುವಾಗ ನಾವು ಮೊದಲು ಅಕ್ಷರವನ್ನು ಉಚ್ಚರಿಸಿ ಕೇಳಿಸುತ್ತಿದ್ದೆವು. ನಾಲಿಗೆ ಎಲ್ಲಿ ತಾಗಬೇಕೆಂದು ತೋರಿಸುತ್ತಿದ್ದೆವು. ‘ಸೀನ್’ ಮತ್ತು ‘ಸ್ವಾದ್’ಗಳ ಭೇದವನ್ನು ಕಿವಿ ಗುರುತಿಸುವ ತನಕ ಮುಂದಿನ ಪಾಠಕ್ಕೆ ಹೋಗುತ್ತಿರಲಿಲ್ಲ. ಮಕ್ಕಳು ಆ ಭೇದವನ್ನು ಕಲಿತೂ ಇದ್ದರು. ಎರಡು ಗಂಟೆಗಳ ಬಳಿಕ ಶಾಲೆಗೆ ಬಂದು ಅದೇ ನಾಲಿಗೆಗೆ ‘ಳ’ ಕಲಿಸುವಾಗ ಮಾತ್ರ ಆ ವಿದ್ಯೆಯನ್ನು ಮರೆತುಬಿಡುತ್ತಿದ್ದೆವು. ಅನಂತರ ನಾಲಿಗೆಯನ್ನು ಹಿಂದಕ್ಕೆ ಮಡಚುವುದನ್ನು ತೋರಿಸಿ, ಬಲೆ ಮತ್ತು ಬಳೆಗಳ ಚಿತ್ರಗಳನ್ನು ಎದುರಿಗಿಟ್ಟು, ಕೇಳಿದ್ದನ್ನು ಮುಟ್ಟಿ ತೋರಿಸುವ ಆಟವಾಡಿಸಿದೆವು. ತಪ್ಪುಗಳು ಒಮ್ಮೆಲೇ ಮಾಯವಾಗಲಿಲ್ಲ. ಆದರೆ ಕಡಿಮೆಯಾಗುತ್ತ ಬಂದವು. ಒಂದು ಬಿ.ಎ. ಪದವಿಯೂ ಹಲವು ತರಬೇತಿಗಳೂ ನೀಡದ ಈ ತಿಳಿವನ್ನು ನೀಡಿದ್ದು ಸಹೋದ್ಯೋಗಿಯ ಎರಡು ಪ್ರಶ್ನೆಗಳು.

ಅಧ್ಯಾಪಕರು ಒಟ್ಟಿಗೆ ಕುಳಿತು ಯೋಚಿಸಿದಾಗ ಏನಾಗಬಲ್ಲದು ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ನಿದರ್ಶನವಿದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಯ ಶಿಕ್ಷಕರ ತಂಡವೊಂದು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡಿತು. ಮರಳಿ ಬಂದವರು ಅದನ್ನು ನಕಲು ಮಾಡಲಿಲ್ಲ. ಒಟ್ಟಿಗೆ ಕುಳಿತು ಕನ್ನಡದ ಕಾರ್ಡುಗಳನ್ನು ರಚಿಸಿದರು, ತರಗತಿಯಲ್ಲಿ ಪರೀಕ್ಷಿಸಿದರು, ತಿದ್ದಿದರು. ಅದುವೇ ಇಂದು ನಾವೆಲ್ಲ ಬಲ್ಲ ‘ನಲಿ-ಕಲಿ’. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಅಲ್ಲಿಯೂ ಒಂದು ಪಾಠವಿದೆ. ಮೊದಲ ಶಿಕ್ಷಕರಿಗೆ ಆ ಕಾರ್ಡುಗಳು ತಮ್ಮ ಚರ್ಚೆಯ ಫಲವಾಗಿದ್ದವು. ಅನಂತರದ ಅನೇಕರಿಗೆ ಅವು ಮೇಲಿನಿಂದ ಇಳಿದುಬಂದ ಇನ್ನೊಂದು ಆದೇಶವಾದವು. ಕಾರ್ಡುಗಳನ್ನು ಮುದ್ರಿಸಿ ಊರೂರಿಗೆ ಕಳುಹಿಸಬಹುದು. ಅವುಗಳ ಹಿಂದಿನ ತಕ್ರಾರನ್ನು ಕಳುಹಿಸಲಾಗದು.

ಜಪಾನಿನ ಶಾಲೆಗಳಲ್ಲಿ ಇದು ಬಹುಕಾಲದಿಂದ ರೂಢಿಯಲ್ಲಿರುವ ಪದ್ಧತಿ. ಕೆಲವು ಅಧ್ಯಾಪಕರು ಸೇರಿ ಒಂದೇ ಒಂದು ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಅದನ್ನು ಕಲಿಸುವಾಗ ಉಳಿದವರು ತರಗತಿಯಲ್ಲಿ ನಿಂತು ಮಕ್ಕಳನ್ನು ಗಮನಿಸುತ್ತಾರೆ: ಯಾವ ಪ್ರಶ್ನೆಗೆ ಮಗು ತಡವರಿಸಿತು, ಎಲ್ಲಿ ಅದರ ಕಣ್ಣು ಅರಳಿತು ಎಂದು. ಬಳಿಕ ಕುಳಿತು ಪಾಠವನ್ನು ತಿದ್ದುತ್ತಾರೆ. ಅಲ್ಲಿ ವಿಮರ್ಶೆಗೆ ಒಳಗಾಗುವುದು ಎಲ್ಲರೂ ಸೇರಿ ರೂಪಿಸಿದ ಪಾಠ. ಹಾಗಾಗಿ ಒಬ್ಬರ ಮಾನಹಾನಿಯ ಪ್ರಶ್ನೆ ಏಳುವುದಿಲ್ಲ.

ನಮ್ಮಲ್ಲಿಯೂ ಕ್ಲಸ್ಟರ್ ಮಟ್ಟದ ‘ಸಮಾಲೋಚನಾ ಸಭೆ’ ಎಂಬ ವ್ಯವಸ್ಥೆಯಿದೆ. ಹೆಸರು ಅರ್ಥಪೂರ್ಣವಾದದ್ದೇ. ಆದರೆ ಸುತ್ತೋಲೆಗಳನ್ನು ಓದುವುದರಲ್ಲಿ, ಅಂಕಿಅಂಶಗಳನ್ನು ಒಪ್ಪಿಸುವುದರಲ್ಲಿ ದಿನ ಮುಗಿಯುತ್ತದೆ ಎಂಬುದು ಹಲವು ಶಿಕ್ಷಕರ ಅಳಲು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆಂದು ಹೇಳುತ್ತದೆ. ಆ ಗಂಟೆಗಳೆಲ್ಲ ಭಾಷಣ ಕೇಳುವುದರಲ್ಲಿಯೇ ಕಳೆದರೆ ತರಗತಿ ಬದಲಾಗದು.

ನಮ್ಮ ಸಮುದಾಯದ ಮಟ್ಟಿಗೆ ಈ ಪ್ರಶ್ನೆ ಇನ್ನೂ ಗಂಭೀರವಾದದ್ದು. ಕರಾವಳಿಯಲ್ಲಿ ಒಂದೇ ಮಗು ಮುಂಜಾನೆ ಮದ್ರಸಕ್ಕೂ ಬಳಿಕ ಶಾಲೆಗೂ ಹೋಗುತ್ತದೆ. ಉಸ್ತಾದರಿಗೆ ಅದು ಚುರುಕು ನೆನಪಿನ ಮಗು. ಶಾಲೆಯ ಶಿಕ್ಷಕರಿಗೆ ಅದೇ ಮಗು ‘ನಿಧಾನ ಕಲಿಯುವವನು’. ಈ ಇಬ್ಬರು ಒಮ್ಮೆಯೂ ಭೇಟಿಯಾಗುವುದಿಲ್ಲ. ಇಬ್ಬರ ನಡುವೆ ಸಿಲುಕಿದ ಮಗುವು ತನಗೆ ಓದು ಹತ್ತದು ಎಂದು ನಂಬಿ, ಹತ್ತನೆಯ ತರಗತಿಗೆ ಮುನ್ನವೇ ಶಾಲೆ ಬಿಟ್ಟು ಅಂಗಡಿ ಸೇರಿದರೆ ಅದರ ಹೊಣೆ ಯಾರದು?

ಆದ್ದರಿಂದ ನಮ್ಮ ಕೋರಿಕೆ ಸರಳವಾದುದು. ತಿಂಗಳಿಗೊಮ್ಮೆ ಎರಡು ಗಂಟೆಗಳ ಕಾಲ ಊರಿನ ಮದ್ರಸದ ಉಸ್ತಾದರೂ ಶಾಲಾ ಶಿಕ್ಷಕರೂ ಒಟ್ಟಿಗೆ ಕುಳಿತುಕೊಳ್ಳಲಿ. ಅಲ್ಲಿ ಭಾಷಣ, ವರದಿ, ಸನ್ಮಾನಗಳು ಬೇಡ. ಒಂದು ಪಾಠ ಅಥವಾ ಒಂದು ಮಗುವಿನ ಬರವಣಿಗೆಯ ಪುಸ್ತಕ ನಡುವೆ ಇದ್ದರೆ ಸಾಕು. ಅಲ್ಲಿ ಆಡಿದ ಮಾತು ಆಡಳಿತ ಸಮಿತಿಗೆ ದೂರಾಗಿ ತಲುಪಬಾರದು; ತಲುಪಿದರೆ ಮುಂದಿನ ತಿಂಗಳು ಯಾರೂ ಬಾಯಿ ಬಿಡಲಾರರು. ಅಲ್ಪ ವೇತನದಲ್ಲಿ ಎರಡು ಕಡೆ ದುಡಿಯುವ ಉಸ್ತಾದರಿಂದ ಈ ಸಮಯವನ್ನು ಪುಕ್ಕಟೆಯಾಗಿ ಕೇಳುವುದೂ ನ್ಯಾಯವಲ್ಲ. ಕಟ್ಟಡಕ್ಕೆ ಚಂದಾ ಎತ್ತುವ ಜಮಾಅತ್ ಸಮಿತಿಗಳು ಇದಕ್ಕೂ ಒಂದಿಷ್ಟು ಮೀಸಲಿಡಲಿ. ಆ ದಿನ ತರಗತಿ ಬೇಗ ಮುಗಿದರೆ ಪೋಷಕರು ಅದನ್ನು ಅಧ್ಯಾಪಕರ ಸೋಮಾರಿತನವೆಂದು ಬಗೆಯದಿರಲಿ.

ನಮಗೆ ಗೊತ್ತಿಲ್ಲ ಎಂದು ಸಹೋದ್ಯೋಗಿಯ ಮುಂದೆ ಹೇಳಲು ನಮ್ಮನ್ನು ತಡೆಯುವುದು ಸಮಯದ ಕೊರತೆಯೊಂದೇ ಅಲ್ಲ, ಅಭಿಮಾನವೂ ಹೌದು. ಮೂಸಾ ಅಲೈಹಿಸ್ಸಲಾಮರು ಪ್ರವಾದಿಯಾಗಿದ್ದೂ ತಮಗೆ ತಿಳಿಯದುದನ್ನು ಕಲಿಯಲು ಪಯಣ ಹೊರಟ ವೃತ್ತಾಂತವನ್ನು ಸೂರಃ ಅಲ್‌ಕಹ್‌ಫ್‌ನಲ್ಲಿ ನಾವು ಶುಕ್ರವಾರಗಳಂದು ಓದುತ್ತೇವೆ. ನಾವು ಹೋಗಬೇಕಾದ ದೂರ ಪಕ್ಕದ ತರಗತಿಯಷ್ಟೇ. ಅಷ್ಟು ದೂರ ನಡೆಯುವ ವಿನಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.