ಸವೆದದ್ದು ಕೂದಲೆಳೆ, ಎಸೆಯುವುದು ಇಡೀ ಅಚ್ಚು!

ಪವರ್ ಟಿಲ್ಲರಿನ ಹಿಂದೆ ಕಟ್ಟಿದ ಹಳೆಯ ಟ್ರೈಲರಿನ ಚಕ್ರ ಓಲಾಡತೊಡಗಿತೆಂದರೆ ಮಲೆನಾಡಿನ ಕೃಷಿಕನಿಗೆ ಇಂದು ದೊರೆಯುವ ಸಲಹೆ ಬಹುಮಟ್ಟಿಗೆ ಒಂದೇ: ಸ್ಪಿಂಡಲ್ ಸವೆದಿದೆ, ಆಕ್ಸಲನ್ನೇ ಬದಲಾಯಿಸುವುದು ಲೇಸು. ಎಷ್ಟು ಸವೆದಿದೆ, ಎಲ್ಲಿ ಸವೆದಿದೆ, ಏಕೆ ಸವೆಯಿತು ಎಂದು ಕೇಳುವವರಿಲ್ಲ. ಹಬ್ ಬಿಚ್ಚಿ, ವರ್ನಿಯರ್ ಹಿಡಿದು ಅಳೆಯುವ ಮುನ್ನವೇ ತೀರ್ಪು ಹೊರಬೀಳುತ್ತದೆ. ಕೊಟ್ಟಿಗೆಗೊಬ್ಬರವನ್ನೂ ಸೊಪ್ಪನ್ನೂ ಹಸಿ ಅಡಿಕೆಯನ್ನೂ ವರ್ಷಗಟ್ಟಲೆ ಹೊತ್ತ ಕಬ್ಬಿಣ ಒಂದು ಮಾತಿಗೆ ಗುಜರಿಯ ಪಾಲಾಗುತ್ತದೆ.

ಸ್ಪಿಂಡಲ್ ಎಂಬುದು ಬೇರೇನೂ ಅಲ್ಲ, ಗಾಡಿಯ ಅಚ್ಚಿನ ತುದಿಯೇ. ಅದರ ಮೇಲೆ ಎರಡು ಬೇರಿಂಗುಗಳು ಕೂರುತ್ತವೆ. ಅವುಗಳ ಮೇಲೆ ಹಬ್ ತಿರುಗುತ್ತದೆ. ಬೇರಿಂಗಿನ ಒಳಬಳೆ ಸ್ಪಿಂಡಲಿನ ಮೇಲೆ ಅಲುಗದೆ ಕುಳಿತಿರಬೇಕು. ಗ್ರೀಸ್ ಒಣಗಿ ಬೇರಿಂಗು ಹಿಡಿದುಕೊಂಡಾಗ ಒಳಬಳೆಯೂ ಚಕ್ರದೊಡನೆ ಸುತ್ತತೊಡಗುತ್ತದೆ, ತಾನು ಕುಳಿತ ಜಾಗವನ್ನೇ ತಿನ್ನುತ್ತದೆ. ಹೀಗೆ ನಷ್ಟವಾಗುವುದು ಹಲವು ಬಾರಿ ಅರ್ಧ ಮಿಲಿಮೀಟರು, ಹೆಚ್ಚೆಂದರೆ ಒಂದು. ಉಳಿದ ಆಕ್ಸಲಿಗೆ ಏನೂ ಆಗಿರುವುದಿಲ್ಲ.

ಈ ರೋಗದ ಮೂಲ ನೀರು. ಅಮೆರಿಕದಲ್ಲಿ ಕೆರೆ-ಕಡಲುಗಳಿಗೆ ದೋಣಿ ಒಯ್ಯುವ ಟ್ರೈಲರುಗಳಲ್ಲಿ ಇದು ಬಹಳ ಹಿಂದಿನಿಂದಲೂ ತಿಳಿದ ಸಂಗತಿ. ದೂರ ಓಡಿ ಬಿಸಿಯಾದ ಹಬ್ಬುಗಳನ್ನು ದೋಣಿ ಇಳಿಸುವಾಗ ತಣ್ಣೀರಿನಲ್ಲಿ ಮುಳುಗಿಸುತ್ತಾರೆ. ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಗ್ರೀಸ್ ಕೆಡುತ್ತದೆ, ಬೇರಿಂಗು ತುಕ್ಕು ಹಿಡಿಯುತ್ತದೆ, ಕೊನೆಗೆ ಸ್ಪಿಂಡಲ್ ಸವೆಯುತ್ತದೆ. ಹಳ್ಳ ದಾಟಿಸಿದ, ಹೊರೆ ಇಳಿಸಿದೊಡನೆ ಹೊಳೆಗಿಳಿಸಿ ತೊಳೆದ ಟಿಲ್ಲರ್ ಟ್ರೈಲರಿನ ಗತಿಯೂ ಇದೇ. ಅಲ್ಲಿ ದೋಣಿಯ ಯಜಮಾನ ಮನೆಯ ಅಂಗಳದಲ್ಲಿಯೇ ಹಬ್ ಬಿಚ್ಚಿ ಗ್ರೀಸ್ ತುಂಬುತ್ತಾನೆ. ಕಾಲಕಾಲಕ್ಕೆ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದ ಮಲೆನಾಡಿಗರ ಮೊಮ್ಮಕ್ಕಳಿಗೆ ಹಬ್ ಬಿಚ್ಚುವುದೇ ಒಂದು ಅಪರಾಧವೆಂಬ ಅಂಜಿಕೆ ಹುಟ್ಟಿರುವುದು ಹೇಗೆ?

ಸವೆದ ಸ್ಪಿಂಡಲನ್ನು ಸರಿಪಡಿಸುವ ವಿದ್ಯೆ ಗುಟ್ಟಿನದಲ್ಲ. ಸವೆದ ಜಾಗಕ್ಕೆ ವೆಲ್ಡಿಂಗಿನಿಂದ ಲೋಹ ತುಂಬಿ, ಲೇತಿನಲ್ಲಿ ಬೇರಿಂಗಿನ ಅಳತೆಗೆ ಕಡೆಯಬಹುದು. ಇಂಗಾಲ ಹೆಚ್ಚಿರುವ ಗಟ್ಟಿ ಉಕ್ಕಾದರೆ ಮೊದಲು ಸುಮಾರು 150ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಒಣಗಿಸಿದ 7018 ವರ್ಗದ ರಾಡು ಬಳಸಬೇಕು. ಬೆಸುಗೆಯ ನಂತರ ನೀರೆರಚದೆ ಒಣಬೂದಿಯಲ್ಲಿ ಹುದುಗಿಸಿ ನಿಧಾನವಾಗಿ ಆರಲು ಬಿಡಬೇಕು. ದಪ್ಪನೆಯ ಸ್ಪಿಂಡಲಾದರೆ ತುಸು ಕಡೆದು ಉಕ್ಕಿನ ತೋಳು ತೊಡಿಸಬಹುದು. ತೆಳ್ಳಗಿನದಕ್ಕೆ ಇದು ಸಲ್ಲದು, ಇರುವ ಬಲವೂ ಹೋದೀತು. ತೀರಾ ಕೆಟ್ಟಿದ್ದರೆ ತುದಿಯನ್ನಷ್ಟೇ ಕತ್ತರಿಸಿ, ಹೊಸ ತುದಿಯನ್ನು ಕಡೆದು, ನೇರ ನೋಡಿ ಬೆಸೆಯಬಹುದು. ಆಗಲೂ ನಡುವಿನ ಆಕ್ಸಲ್ ಉಳಿಯುತ್ತದೆ.

ದುರಸ್ತಿಯ ಹೆಸರಿನಲ್ಲಿ ನಡೆಯುವ ಅನಾಚಾರವನ್ನು ಇಲ್ಲಿ ಮುಚ್ಚಿಡುವಂತಿಲ್ಲ. ಸವೆದ ಜಾಗಕ್ಕೆ ಪಂಚಿನಿಂದ ಚುಕ್ಕಿ ಹೊಡೆದು ಬಿಗಿಮಾಡುವುದು, ಎಣ್ಣೆ ಡಬ್ಬದ ತಗಡು ಸುತ್ತಿ ಬೇರಿಂಗು ತೂರಿಸುವುದು ದುರಸ್ತಿಯಲ್ಲ, ಮೋಸ. ಅಂಥ ಚಕ್ರ ಘಾಟಿಯ ಇಳಿಜಾರಿನಲ್ಲಿ ಕಳಚಿದರೆ ಹೊರೆಯ ಮೇಲೆ ಕುಳಿತ ಕೂಲಿಯವರ ಗತಿಯೇನು? ಸ್ಪಿಂಡಲಿನ ಬುಡದಲ್ಲಿ ಬಿರುಕಿದ್ದರೆ, ಬೆಂದು ನೀಲಿಗಟ್ಟಿದ್ದರೆ, ಬಾಗಿದ್ದರೆ ಆ ತುದಿಯನ್ನು ಉಳಿಸಿಕೊಳ್ಳಬಾರದು. ಬುಡವನ್ನು ಒರೆಸಿ, ಸೀಮೆಎಣ್ಣೆ ಹಚ್ಚಿ, ಮತ್ತೆ ಒಣಗಿಸಿ ಸೀಮೆಸುಣ್ಣದ ಪುಡಿ ಉದುರಿಸಿದರೆ ಬಿರುಕಿನಿಂದ ಒಸರುವ ಎಣ್ಣೆ ಗೆರೆಯಾಗಿ ಕಾಣಿಸುತ್ತದೆ. ಬದಲಾಯಿಸಿ ಎನ್ನುವವರು ಈ ಪರೀಕ್ಷೆಯನ್ನಾದರೂ ಮಾಡಿ ಹೇಳಲಿ. ಸುರಕ್ಷತೆಯ ನೆಪವೊಡ್ಡಿ ಮಾರಾಟ ಮಾಡುವವರಿಗೂ ಸುರಕ್ಷತೆಯನ್ನು ಪರೀಕ್ಷಿಸುವವರಿಗೂ ಅಜಗಜಾಂತರವಿದೆ.

ಒಂದು ಆಕ್ಸಲಿಗೆ ಇಷ್ಟೊಂದು ಗದ್ದಲವೇಕೆ ಎನ್ನುವವರು ಕಬ್ಬಿಣ ಎಲ್ಲಿಂದ ಬರುತ್ತದೆಂದು ಒಮ್ಮೆ ನೆನೆಯಲಿ. 1976ರಲ್ಲಿ ಸ್ಥಾಪನೆಯಾದ ಗಣಿ ಕಂಪನಿ ಭದ್ರೆಯ ತಲೆಯ ಮೇಲಿನ ಕುದುರೆಮುಖವನ್ನು ಅಗೆಯಿತು. ಗುಡ್ಡ ಪುಡಿಯಾಗಿ, ಕೆಸರಾಗಿ, ಕೊಳವೆಯಲ್ಲಿ ಹರಿದು ಮಂಗಳೂರು ಸೇರಿತು. ಮಲೆನಾಡಿನ ಜನ ವರ್ಷಗಟ್ಟಲೆ ಹೋರಾಡಿದರು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು ತೀರ್ಪಿತ್ತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರಿನ ಹಸಿವೇನೂ ನಿಲ್ಲಲಿಲ್ಲ. ಅದೇ ದಶಕದಲ್ಲಿ ಬಳ್ಳಾರಿಯ ಬೆಟ್ಟಗಳನ್ನು ಎಗ್ಗಿಲ್ಲದೆ ಬಗೆದದ್ದನ್ನೂ, 2011ರಲ್ಲಿ ನ್ಯಾಯಾಲಯವೇ ಅದನ್ನು ತಡೆಯಬೇಕಾಗಿ ಬಂದದ್ದನ್ನೂ, ಮುಂದೆ ನಿರ್ಬಂಧಗಳೊಡನೆ ಅದು ಮರಳಿ ಆರಂಭವಾದದ್ದನ್ನೂ ಎಲ್ಲರೂ ಬಲ್ಲರು. ಅದಿರಿನಿಂದ ಒಂದು ಟನ್ ಉಕ್ಕು ತೆಗೆಯಲು ಒಂದೂವರೆ ಟನ್ನಿಗೂ ಮಿಕ್ಕಿದ ಅದಿರು ಬೇಕು. ತನ್ನೂರಿನ ಗುಡ್ಡ ಉಳಿಯಲಿ, ಕಬ್ಬಿಣ ಬೇರೆಯವರ ಗುಡ್ಡದಿಂದ ಬರಲಿ ಎನ್ನುವುದು ಪರಿಸರವಾದವಾದೀತೆ?

ಗುಜರಿಯೂ ಕರಗಿ ಮತ್ತೆ ಉಕ್ಕಾಗುತ್ತದಲ್ಲ ಎಂಬ ವಾದವಿದೆ. ನಿಜ, ಆಗುತ್ತದೆ. ಆದರೆ ಒಂದು ಟನ್ ಕರಗಿಸಲು ವಿದ್ಯುತ್ ಕುಲುಮೆ ಸುಮಾರು 500ರಿಂದ 600 ಯೂನಿಟ್ ನುಂಗುತ್ತದೆ. ಈ ರಾಜ್ಯದಲ್ಲಿ ವಿದ್ಯುತ್ತಿನ ಬೆಲೆಯನ್ನು 1964ರಲ್ಲಿ ಕಟ್ಟಿದ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಿಗೆ ಯಾರೂ ವಿವರಿಸಬೇಕಾಗಿಲ್ಲ. ಲೇತಿನಲ್ಲಿ ಒಂದೆರಡು ತಾಸಿನಲ್ಲಿ ಮುಗಿಯುವ ಕೆಲಸಕ್ಕೆ ಕುಲುಮೆ ಏಕೆ?

ಕೇಂದ್ರ ಸರಕಾರ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ಕೃಷಿ ಯಂತ್ರಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದೇ ಡಿಸೆಂಬರಿನಲ್ಲಿ ಜಾಲತಾಣವೊಂದು ತೆರೆಯಿತು. ಜಾಲತಾಣ ಕಾನೂನಲ್ಲ. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ, ಕೃಷಿ ಯಂತ್ರಗಳ ಬಿಡಿಭಾಗವನ್ನೂ ಕೈಪಿಡಿಯನ್ನೂ ರೈತರಿಗೆ ಒದಗಿಸಲೇಬೇಕೆಂದು ತಯಾರಕರಿಗೆ ಕಾನೂನನ್ನೇ ಮಾಡಿತು. ಇಲ್ಲಿ ಟ್ರೈಲರ್ ಕೊಂಡವನಿಗೆ ಬೇರಿಂಗಿನ ಸಂಖ್ಯೆಯನ್ನೂ ಸ್ಪಿಂಡಲಿನ ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಡುವುದು ಅಷ್ಟು ಕಷ್ಟವೇ? ತುದಿಯೊಂದನ್ನೇ ಬಿಡಿಯಾಗಿ ಮಾರಲು ಅಡ್ಡಿಯೇನು?

ಕಾನೂನಿಗೆ ಕಾಯದೆ ಆಗಬೇಕಾದ ಕೆಲಸವೂ ಇದೆ. ಐ.ಟಿ.ಐ.ಗಳಲ್ಲಿ ಟರ್ನರ್ ಕಲಿತ ಹುಡುಗರು ಘಟ್ಟ ಇಳಿದೋ ಬೆಂಗಳೂರಿಗೋ ಹೋಗುತ್ತಾರೆ. ಹೋಗಬೇಡಿ ಎನ್ನಲು ಊರಿನಲ್ಲಿ ಅವರಿಗೆ ಯಂತ್ರವೇ ಇಲ್ಲ. ಗೊಬ್ಬರ, ಔಷಧಿ, ಕಿರಾಣಿಗಳನ್ನೆಲ್ಲ ಮಾರುವ ಅಡಿಕೆ ಬೆಳೆಗಾರರ ಸಹಕಾರ ಸಂಘಗಳು ಇಡೀ ಆಕ್ಸಲ್ ಹಿಡಿಯುವಷ್ಟು ಉದ್ದದ ಹಾಸಿನ ಲೇತೊಂದನ್ನು ಹೋಬಳಿಗೊಂದರಂತೆ ಏಕೆ ಇಡಬಾರದು? ಬಂಡವಾಳವಿಲ್ಲವೆಂದು ಹೇಳುವ ಸಂಘ ಹೊಸ ಟ್ರೈಲರಿಗೆ ಸಾಲ ಕೊಡುತ್ತದೆ, ಹಳೆಯದರ ದುರಸ್ತಿಗೆ ಕೊಡುವುದಿಲ್ಲ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಊಟದ ಗಂಟೆ ಹೊಡೆಯುವ ಮೊದಲು ಸದಸ್ಯರು ಈ ಪ್ರಶ್ನೆಯನ್ನು ಲಿಖಿತವಾಗಿಯೇ ಕೇಳಲಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಲಿ.